ರಾಷ್ಟ್ರೀಯ ರಂಗಭೂಮಿಗೆ ಒಂದೇ ನಾಲಗೆಯೇ?

‘ರಾಷ್ಟ್ರೀಯ’ ಎಂಬ ಶಬ್ದವು ಇತ್ತೀಚೆಗೆ ಬಹಳ ಅಗ್ಗವಾಗಿರುವುದು. ರಾಜಧಾನಿಯಲ್ಲಿ ಒಂದು ಕಟ್ಟಡವನ್ನು ಗೊತ್ತುಪಡಿಸಿ, ಕೇಂದ್ರದ ಬೊಕ್ಕಸದಿಂದ ಅದಕ್ಕೆ ಹಣವನ್ನು ಕೊಟ್ಟು, ಬಾಗಿಲಿಗೆ ಆ ಶಬ್ದವನ್ನು ಬರೆದ ಹಲಗೆಯನ್ನು ತೂಗಹಾಕಿದರೆ ತೀರಿತು. ಸಂಸ್ಥೆಯು ರಾಷ್ಟ್ರದ್ದಾಯಿತೆಂದು ಎಲ್ಲರೂ ಒಪ್ಪಿಕೊಳ್ಳಬೇಕು! ಅಂಚೆಯ ಕಚೇರಿಗೋ ತೂಕ ಅಳತೆಗಳ ಇಲಾಖೆಗೋ ಈ ನ್ಯಾಯವು ಸಲ್ಲಬಹುದು. ನಾಟಕದ ಶಾಲೆಗೆ ಸಲ್ಲದು. ಏಕೆಂದರೆ ನಾಟಕವು ಮಾತಿನಿಂದ ಬದುಕುವ ಕಲೆ. ಮಾತು ಯಾವುದಾದರೂ ಒಂದು ಭಾಷೆಯಲ್ಲಿಯೇ ಇರತಕ್ಕದ್ದು. ಭಾರತ ರಾಷ್ಟ್ರಕ್ಕಾದರೋ ಒಂದೇ ಭಾಷೆಯಿಲ್ಲ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿಯೇ 22 ಭಾಷೆಗಳಿರುವುವು. ಹೀಗಿರಲು ದಿಲ್ಲಿಯಲ್ಲಿರುವ ‘ರಾಷ್ಟ್ರೀಯ ನಾಟಕ ಶಾಲೆ’ಯು ಯಾರ ಶಾಲೆ, ಯಾವ ನಾಲಗೆಯ ಶಾಲೆ, ಎಂಬ ಪ್ರಶ್ನೆಯನ್ನು ಕೇಳುವುದು ದ್ರೋಹವಲ್ಲ, ಅದು ತೆರಿಗೆಯನ್ನು ಕೊಡುವ ಪ್ರಜೆಯ ಹಕ್ಕು.

ನಮ್ಮ ವಾದವನ್ನು ಮೊದಲಿಗೇ ಸ್ಪಷ್ಟವಾಗಿ ಮಂಡಿಸಿಬಿಡುವೆವು. ಈ ಶಾಲೆಯು ಒಂದು ಊರಿನ ಒಂದು ಸಂಸ್ಥೆಯಾಗಿ ಉಳಿಯದೆ, ಭಾರತದ ದೊಡ್ಡ ಭಾಷೆಗಳಲ್ಲೆಲ್ಲ ಪೂರ್ಣ ಶಿಕ್ಷಣವನ್ನು ಕೊಡುವ ಶಾಲೆಗಳ ಒಕ್ಕೂಟವಾಗಬೇಕು. ಅದಾಗದಿದ್ದರೆ ತನ್ನ ಹೆಸರಿನ ಮೊದಲ ಶಬ್ದವನ್ನು ಅದು ಬಿಟ್ಟುಕೊಡಬೇಕು. ಮೂರನೆಯ ಮಾರ್ಗವಿಲ್ಲ.

ಶಾಲೆಯ ಇತಿಹಾಸವನ್ನು ಸಂಕ್ಷೇಪವಾಗಿ ನೋಡೋಣ. ಸ್ವಾತಂತ್ರ್ಯಾನಂತರ, 1953ರಲ್ಲಿ, ಕೇಂದ್ರದ ಸಂಗೀತ ನಾಟಕ ಅಕಾಡೆಮಿಯು ಉದ್ಘಾಟನೆಗೊಂಡಿತು. ನಾಟಕ ಶಿಕ್ಷಣಕ್ಕೆ ಒಂದು ಕೇಂದ್ರ ಸಂಸ್ಥೆಯು ಬೇಕೆಂಬ ಮಾತು 1954ರಲ್ಲಿ ಹುಟ್ಟಿತು. ಇತ್ತ ಭಾರತೀಯ ನಾಟ್ಯ ಸಂಘವು ಯುನೆಸ್ಕೋ ನೆರವಿನಿಂದ 1958ರ ಜನವರಿಯಲ್ಲಿ ದಿಲ್ಲಿಯಲ್ಲಿ ಏಷಿಯನ್ ಥಿಯೇಟರ್ ಇನ್‌ಸ್ಟಿಟ್ಯೂಟನ್ನು ತೆರೆಯಿತು. ಆ ಸಂಘದ ಚೈತನ್ಯವಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೆಂಬುದನ್ನು ನಮ್ಮ ವಾಚಕರು ಗಮನಿಸಬೇಕು. ಅದೇ ವರ್ಷದ ಜುಲೈಯಲ್ಲಿ ಅಕಾಡೆಮಿಯು ಆ ಸಂಸ್ಥೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1959ರಲ್ಲಿ ಅದು ಹೊಸದಾಗಿ ಸ್ಥಾಪಿತವಾದ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಸೇರಿಹೋಯಿತು. ಸತು ಸೇನರು ಮೊದಲನೆಯ ನಿರ್ದೇಶಕರು. 1962ರಿಂದ 1977ರ ವರೆಗೆ ಇಬ್ರಾಹಿಂ ಅಲ್ಕಾಜಿಯವರು ಆ ಪೀಠದಲ್ಲಿದ್ದರು. 1964ರಲ್ಲಿ ಶಾಲೆಗೆ ಸೇರಿದ ವೃತ್ತಿಪರ ಮಂಡಳಿಯಾದ ರೆಪರ್ಟರಿಯು ಹುಟ್ಟಿತು. 1975ರಲ್ಲಿ ಶಾಲೆಯು ಅಕಾಡೆಮಿಯಿಂದ ಬೇರ್ಪಟ್ಟು ಸ್ವಾಯತ್ತವಾಗಿ, ಬಹಾವಲಪುರ ಭವನದಲ್ಲಿ ನೆಲೆಸಿತು. 1989ರಲ್ಲಿ ಮಕ್ಕಳ ಶಿಕ್ಷಣಕ್ಕಾಗಿ ಒಂದು ರಂಗತಂಡ, 1999ರಿಂದ ‘ಭಾರತ ರಂಗ ಮಹೋತ್ಸವ’, ಹೀಗೆ ಕಾರ್ಯಕ್ರಮಗಳು ಬೆಳೆದುವು. ಮೂರು ವರ್ಷಗಳ ಶಿಕ್ಷಣ. ವರ್ಷಕ್ಕೆ ಸುಮಾರು ಮೂವತ್ತು ಮಂದಿ ವಿದ್ಯಾರ್ಥಿಗಳು. ಎಲ್ಲ ವೆಚ್ಚವೂ ಕೇಂದ್ರ ಸರಕಾರದ್ದು.

ಈ ಶಾಲೆಯು ಏನೂ ಮಾಡಲಿಲ್ಲವೆಂದು ಹೇಳುವಷ್ಟು ಕೃತಘ್ನರು ನಾವಲ್ಲ. ಅಲ್ಕಾಜಿಯವರು ತರುಣರ ಹವ್ಯಾಸವಾಗಿದ್ದ ನಾಟಕವನ್ನು ಶಿಸ್ತಿನ ವಿದ್ಯೆಯನ್ನಾಗಿ ಮಾಡಿದರು. ಬೆಳಕು, ರಂಗಸಜ್ಜಿಕೆ, ಉಡುಪು, ನಟನ ದೇಹ, ಇವು ಒಂದೊಂದೂ ಓದಿ, ಬೆವರಿಳಿಸಿ ಕಲಿಯತಕ್ಕ ವಿಷಯಗಳೆಂಬ ತಿಳಿವಳಿಕೆಯು ದೇಶದಲ್ಲಿ ಹರಡಿದ್ದು ಬಹುಮಟ್ಟಿಗೆ ಅವರಿಂದ. 1963ರಲ್ಲಿ ಫಿರೋಜ್ ಶಹಾ ಕೋಟಲಾದ ಹಾಳುಗೋಡೆಗಳ ನಡುವೆ ಅವರು ಆಡಿಸಿದ ‘ಅಂಧಾಯುಗ’ವನ್ನು ರಂಗಭೂಮಿಯ ಇತಿಹಾಸವು ಮರೆಯದು. ಆದರೆ ಒಬ್ಬ ದೊಡ್ಡ ಗುರುವಿನ ಯೋಗ್ಯತೆಯು ಸಂಸ್ಥೆಯ ರಚನೆಯಲ್ಲಿರುವ ದೋಷಕ್ಕೆ ಜವಾಬಾಗಲಾರದು. ಆ ದೋಷವಾವುದು? ಶಾಲೆಯನ್ನು ಸೇರಬೇಕಾದ ತರುಣನಿಗೆ ಹಿಂದಿ ಮತ್ತು ಇಂಗ್ಲಿಷುಗಳು ಬರಬೇಕು. ಪಾಠಗಳು ಆ ಭಾಷೆಗಳಲ್ಲಿ; ಅಭ್ಯಾಸಕ್ಕೆಂದು ಆಡುವ ನಾಟಕಗಳು ಬಹುತೇಕ ಹಿಂದಿಯಲ್ಲಿ. ಕನ್ನಡಿಗನೂ, ತಮಿಳನೂ, ಅಸ್ಸಾಮಿಯೂ, ಮಣಿಪುರಿಯೂ ತಮ್ಮ ನಾಲಗೆಯನ್ನು ಬಾಗಿಲ ಹೊರಗೆ ಬಿಟ್ಟು ಒಳಕ್ಕೆ ಬರಬೇಕು.

ಗಣಿತವನ್ನು ಪರಭಾಷೆಯಲ್ಲಿ ಕಲಿತವನು ಕಷ್ಟಪಟ್ಟಾದರೂ ಗಣಿತಜ್ಞನಾಗುವನು. ನಟನ ಗತಿಯು ಬೇರೆ. ನಟನಿಗೆ ಭಾಷೆಯು ಪಾಠದ ಮಾಧ್ಯಮವಷ್ಟೇ ಅಲ್ಲ, ಅವನ ಕೈಯ ಆಯುಧವೂ ಅದೇ. ಯಾವ ಅಕ್ಷರದ ಮೇಲೆ ಒತ್ತು ಬೀಳಬೇಕು, ಎಲ್ಲಿ ಉಸಿರನ್ನು ಹಿಡಿಯಬೇಕು, ಒಬ್ಬ ಮುದುಕಿಯು ಮೊಮ್ಮಗನನ್ನು ಬೈಯುವಾಗ ಬೈಗುಳದೊಳಗೆ ಪ್ರೀತಿಯು ಹೇಗೆ ಇಣಕುವುದು, ಧಾರವಾಡದವನ ‘ಹೌದೋ’ ಎಂಬುದಕ್ಕೂ ಮಂಡ್ಯದವನ ‘ಹೌದಾ’ ಎಂಬುದಕ್ಕೂ ಎಷ್ಟು ಅಂತರ, ಇವೇ ನಟನ ಬಂಡವಾಳ. ತನ್ನ ಯೌವನದ ಮೂರು ವರ್ಷಗಳನ್ನು ಪರಭಾಷೆಯ ಉಚ್ಚಾರವನ್ನು ತಿದ್ದಿಕೊಳ್ಳುವುದರಲ್ಲಿಯೇ ಕಳೆದ ನಟನು ಊರಿಗೆ ಹಿಂತಿರುಗಿ ತನ್ನ ತಾಯ್ನುಡಿಯನ್ನು ಮತ್ತೆ ಹೊಸದಾಗಿ ಕಲಿಯಬೇಕಾಗುವುದು. ಅನೇಕರು ಹಿಂತಿರುಗುವುದೂ ಇಲ್ಲ; ಮುಂಬಯಿಯ ಹಿಂದಿ ಚಲಚ್ಚಿತ್ರದ ಕಡೆಗೆ ನಡೆಯುವರು. ಅವರನ್ನು ನಾವು ನಿಂದಿಸೆವು. ಹಿಂದಿಯಲ್ಲಿ ತಯಾರಾದ ನಟನಿಗೆ ಹಿಂದಿಯಲ್ಲಿಯೇ ಉದ್ಯೋಗವು ಸಿಕ್ಕುವುದು ಸಹಜ. ನಮ್ಮ ಆಕ್ಷೇಪಣೆಯಿರುವುದು, ಇಪ್ಪತ್ತೆರಡು ಭಾಷೆಗಳ ಹಣದಿಂದ ಒಂದು ಭಾಷೆಯ ನಟರನ್ನು ತಯಾರಿಸಿ ಅದನ್ನು ರಾಷ್ಟ್ರಸೇವೆಯೆಂದು ಕರೆಯುವುದಕ್ಕೆ.

ಸಾಕ್ಷಿಗಳನ್ನು ಕರೆಯೋಣ. ಮೊದಲನೆಯ ಸಾಕ್ಷಿಯು ಮಣಿಪುರದ ಹೈಸ್ನಾಂ ಕನ್ಹಯ್ಯಲಾಲರು. ಅವರು 1968ರಲ್ಲಿ ಈ ಶಾಲೆಯನ್ನು ಸೇರಿದರು. ಅಲ್ಲಿಯ ಹಿಂದಿ, ಇಂಗ್ಲಿಷುಗಳ ನಡುವೆ ನಿಲ್ಲಲಾರದೆ, ಶಿಕ್ಷಣವು ಮುಗಿಯುವ ಮೊದಲೇ, ಕೆಲವೇ ತಿಂಗಳುಗಳಲ್ಲಿ ಹೊರಬಿದ್ದರು. ಶಾಲೆಯ ದೃಷ್ಟಿಯಲ್ಲಿ ಅವರು ಸೋತ ವಿದ್ಯಾರ್ಥಿ. 1969ರಲ್ಲಿ ಅವರು ಇಂಫಾಲದಲ್ಲಿ ‘ಕಲಾಕ್ಷೇತ್ರ ಮಣಿಪುರ’ವನ್ನು ಸ್ಥಾಪಿಸಿದರು. ಹೆಂಡತಿ ಸಾವಿತ್ರಿಯವರೊಡನೆ, ಮಾತನ್ನು ಆದಷ್ಟು ಕಡಿಮೆಮಾಡಿ, ದೇಹದಿಂದಲೂ ಉಸಿರಿನಿಂದಲೂ ಮಾತಾಡುವ ಒಂದು ಹೊಸ ರಂಗಭಾಷೆಯನ್ನೇ ಕಟ್ಟಿದರು. 1975ರ ‘ಪೆಬೆತ್’ ಅದಕ್ಕೆ ಪ್ರಸಿದ್ಧ ನಿದರ್ಶನ. 2016ರಲ್ಲಿ ಸರಕಾರವು ಅವರಿಗೆ ಪದ್ಮಭೂಷಣವನ್ನಿತ್ತಿತು. ಅದೇ ವರ್ಷ ಅವರು ತೀರಿಕೊಂಡರು. ರಾಷ್ಟ್ರೀಯ ಶಾಲೆಯಲ್ಲಿ ನೆಲೆ ಸಿಕ್ಕದವನಿಗೆ ರಾಷ್ಟ್ರವು ತನ್ನ ಉನ್ನತ ಗೌರವವನ್ನು ಕೊಡಬೇಕಾಗಿ ಬಂದಿತೆಂದರೆ, ಇವೆರಡರಲ್ಲಿ ಅಳತೆಗೋಲು ತಪ್ಪಿದ್ದು ಯಾವುದರದು?

ಎರಡನೆಯ ಸಾಕ್ಷಿಯು ಅದೇ ಇಂಫಾಲದ ರತನ್ ಥಿಯಾಮರು. ಅವರು ಶಾಲೆಯ ಶಿಕ್ಷಣವನ್ನು ಪೂರ್ತಿಗೊಳಿಸಿದವರು. ಮುಂದೆ ಅದರ ನಿರ್ದೇಶಕರೂ ಆದವರು. ಆದರೆ ಅವರ ಕೀರ್ತಿಯು ಬೆಳೆದದ್ದು ದಿಲ್ಲಿಯಲ್ಲಿ ಅಲ್ಲ. ಅವರು 1976ರಲ್ಲಿ ತಮ್ಮೂರಿನಲ್ಲಿ ‘ಕೋರಸ್ ರೆಪರ್ಟರಿ’ಯನ್ನು ಕಟ್ಟಿ, ಮಣಿಪುರಿ ಭಾಷೆಯಲ್ಲಿ ನಾಟಕವಾಡಿಸಿ, ಅದರಿಂದಲೇ ಜಗತ್ತಿಗೆ ಪರಿಚಿತರಾದರು. ದಿಲ್ಲಿಯಲ್ಲಿ ಕಲಿತ ವಿದ್ಯೆಯು ಫಲಕೊಟ್ಟದ್ದು ಸ್ವಂತ ಮಣ್ಣಿಗೆ ಬಿದ್ದ ಮೇಲೆ.

ಮೂರನೆಯ ಸಾಕ್ಷಿಯು ನಮ್ಮವರೇ ಆದ ಬಿ.ವಿ. ಕಾರಂತರು. ಬಂಟವಾಳದ ಕಡೆಯ ಮಂಚಿಯಲ್ಲಿ ಹುಟ್ಟಿ, ಎಳೆತನದಲ್ಲಿಯೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿ, ವೀರಣ್ಣನವರ ಪ್ರೋತ್ಸಾಹದಿಂದಲೇ ಕಾಶಿಗೆ ಹೋಗಿ ಹಿಂದಿಯನ್ನು ಓದಿ, 1962ರಲ್ಲಿ ಈ ಶಾಲೆಯಿಂದ ತೇರ್ಗಡೆಯಾಗಿ, 1977ರಲ್ಲಿ ಅದರ ನಿರ್ದೇಶಕರಾದವರು. ಹಿಂದಿಯ ಮೇಲೆ ಅವರಿಗೆ ಎಷ್ಟು ಪ್ರಭುತ್ವವಿತ್ತೆಂದರೆ, ಗಿರೀಶ ಕಾರ್ನಾಡರು 1964ರಲ್ಲಿ ಕನ್ನಡದಲ್ಲಿ ಬರೆದ ‘ತುಘಲಕ್’ ನಾಟಕವನ್ನು ಹಿಂದೂಸ್ತಾನಿಗೆ ತಂದವರು ಅವರೇ. ಆ ಭಾಷಾಂತರವನ್ನು ಶಾಲೆಯು ಆಡಿತು. ಮುಂದೆ ಅಲ್ಕಾಜಿಯವರು ಅದನ್ನು ಪುರಾನಾ ಕಿಲಾದ ಬಯಲಿನಲ್ಲಿ ಆಡಿಸಿದರು. ‘ತುಘಲಕ್’ ರಾಷ್ಟ್ರೀಯ ನಾಟಕವಾಯಿತೆಂದು ಪತ್ರಿಕೆಗಳು ಕೊಂಡಾಡಿದುವು. ಸಂತೋಷವೇ! ಆದರೆ ಇಲ್ಲಿ ನಡೆದದ್ದೇನೆಂದು ಯೋಚಿಸಿರಿ. ನಾಟಕವು ಕನ್ನಡದ್ದು, ನಾಟಕಕಾರನು ಕನ್ನಡಿಗನು, ಭಾಷಾಂತರಕಾರನೂ ಕನ್ನಡಿಗನು. ದಿಲ್ಲಿಯು ಕೊಟ್ಟದ್ದು ರಂಗಸ್ಥಳವನ್ನು ಮತ್ತು ‘ರಾಷ್ಟ್ರೀಯ’ ಎಂಬ ಮೊಹರನ್ನು. ಆ ಹೊತ್ತಿನಲ್ಲಿ ದೇಶವು ಕೊಂಡಾಡಿದ ನಾಟಕಕಾರರನ್ನು ಎಣಿಸಿರಿ: ಬಂಗಾಲಿಯ ಬಾದಲ ಸರಕಾರರು, ಮರಾಠಿಯ ವಿಜಯ ತೆಂಡೂಲ್ಕರರು, ಹಿಂದಿಯ ಮೋಹನ ರಾಕೇಶರು, ಕನ್ನಡದ ಕಾರ್ನಾಡರು. ನಾಲ್ವರು, ನಾಲ್ಕು ಭಾಷೆಗಳು! ರಾಷ್ಟ್ರದ ನಾಟಕವು ಹುಟ್ಟುವುದು ಭಾಷೆಗಳ ತೋಟಗಳಲ್ಲಿ. ಹಣ್ಣನ್ನು ಮಾರುವ ಸಂತೆಯು ಮಾತ್ರ ದಿಲ್ಲಿಯದು. ಸಂತೆಗೆ ಇಷ್ಟು ನೀರು ಗೊಬ್ಬರಗಳನ್ನು ಹಾಕಿ ತೋಟವನ್ನು ಒಣಗಲು ಬಿಡುವುದು ಯಾವ ಒಕ್ಕಲುತನ?

ಕಾರಂತರು ನಿರ್ದೇಶಕರಾದ ಮೇಲೆ ಈ ಅನ್ಯಾಯವನ್ನು ಒಳಗಿನಿಂದಲೇ ತಿದ್ದಲು ಯತ್ನಿಸಿದರು. ದೇಶದ ನಾನಾ ಕಡೆಗಳಲ್ಲಿ ಶಿಬಿರಗಳನ್ನು ನಡೆಸುವ ಪದ್ಧತಿಯು ಅವರ ಕಾಲದಲ್ಲಿ ಬೆಳೆಯಿತು. 1979ರಲ್ಲಿ ಅವರು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ರಘುವೀರ ಸಹಾಯರ ಹಿಂದಿ ಅನುವಾದದಲ್ಲಿ, ‘ಬರ್ನಮ್ ವನ’ ಎಂಬ ಹೆಸರಿನಿಂದ, ನಮ್ಮ ಯಕ್ಷಗಾನದ ಶೈಲಿಯಲ್ಲಿ ಆಡಿಸಿದರು. ಅದು ಮಹಾಪ್ರಯೋಗವೆಂಬುದರಲ್ಲಿ ಸಂಶಯವಿಲ್ಲ. ಆದರೂ ನಾವು ಕೇಳುವೆವು: ಕರಾವಳಿಯ ಚೆಂಡೆ ಮದ್ದಲೆಗಳ ವಿದ್ಯೆಯು ದಿಲ್ಲಿಯ ವಿದ್ಯಾರ್ಥಿಗೆ ಒಂದು ನಾಟಕದ ಮಟ್ಟಿಗೆ ಅಲಂಕಾರವಾಗಿ ಸಿಕ್ಕಿತು, ಕನ್ನಡದ ವಿದ್ಯಾರ್ಥಿಗೆ ಅದೇ ವಿದ್ಯೆಯು ಕನ್ನಡದ ಮಾತಿನೊಡನೆ, ಮೂರು ವರ್ಷಗಳ ಕ್ರಮಶಿಕ್ಷಣವಾಗಿ, ರಾಷ್ಟ್ರದ ವೆಚ್ಚದಿಂದ ಯಾವಾಗ ಸಿಕ್ಕೀತು? ಕಾರಂತರ ಜೀವನವೇ ಇದಕ್ಕೆ ಉತ್ತರವನ್ನು ಸೂಚಿಸಿತು. ಅವರು ದಿಲ್ಲಿಯನ್ನು ಬಿಟ್ಟು, ಭೋಪಾಲದ ರಂಗಮಂಡಲವನ್ನು ಕಟ್ಟಿ, ಕೊನೆಗೆ 1989ರಲ್ಲಿ ಮೈಸೂರಿನಲ್ಲಿ ‘ರಂಗಾಯಣ’ವನ್ನು ಕಟ್ಟಿದರು. ದಿಲ್ಲಿಯ ಪೀಠವನ್ನು ಕಂಡವನು ಕನ್ನಡ ನಟರಿಗೆ ಕನ್ನಡದಲ್ಲಿಯೇ ಒಂದು ಮನೆಯು ಬೇಕೆಂದು ಕಂಡುಕೊಂಡನು.

ಇನ್ನು ಎದುರು ಪಕ್ಷದ ಜವಾಬುಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು: ಹಲವು ಪ್ರಾಂತಗಳ ವಿದ್ಯಾರ್ಥಿಗಳು ಒಂದೆಡೆ ಸೇರಿದರೆ ಒಂದು ಸಮಾನ ಭಾಷೆಯು ಬೇಕೇಬೇಕಲ್ಲವೆ? ಬೇಕು, ಒಂದೆಡೆ ಸೇರುವುದಾದರೆ. ಆದರೆ ಮೂರು ವರ್ಷವೂ ಒಂದೆಡೆಯೇ ಸೇರಿರಬೇಕೆಂದು ವಿಧಿಸಿದವರು ಯಾರು? ಎರಡು ವರ್ಷ ತಮ್ಮ ತಮ್ಮ ಭಾಷೆಯ ಶಾಲೆಯಲ್ಲಿ ಕಲಿತು, ಮೂರನೆಯ ವರ್ಷ ದಿಲ್ಲಿಯಲ್ಲಿ ಎಲ್ಲರೂ ಕೂಡಿದರೆ, ಪ್ರತಿಯೊಬ್ಬನೂ ಕೈಯಲ್ಲಿ ಏನಾದರೂ ಹಿಡಿದು ಬರುವನು. ಪರಸ್ಪರ ವಿನಿಮಯವು ಆಗ ನಿಜವಾಗುವುದು. ಈಗಲಾದರೋ ಎಲ್ಲರೂ ಬರಿಗೈಯಿಂದ ಬಂದು ಒಂದೇ ಅಂಗಡಿಯಲ್ಲಿ ಕೊಳ್ಳುವರು.

ಎರಡನೆಯದು: ಭಾರತ ರಂಗ ಮಹೋತ್ಸವದಲ್ಲಿ ಎಲ್ಲ ಭಾಷೆಗಳ ನಾಟಕಗಳಿಗೂ ಅವಕಾಶವುಂಟು. ಉಂಟು. ಅದು ಒಳ್ಳೆಯ ಉತ್ಸವವೂ ಹೌದು. ಆದರೆ ನೆಂಟನಿಗೆ ಎಲೆ ಹಾಕಿದ ಮಾತ್ರಕ್ಕೆ ಮನೆಯಲ್ಲಿ ಪಾಲನ್ನು ಕೊಟ್ಟಂತಾಗದು. ಒಂದು ದಿನ ಆಡಿ ಮರುದಿನ ರೈಲನ್ನೇರುವ ತಂಡಕ್ಕೆ ಶಾಲೆಯ ಪಾಠಕ್ರಮದಲ್ಲಿ ಯಾವ ಅಧಿಕಾರವಿರುವುದು? 2018ರಲ್ಲಿ ಇದೇ ಶಾಲೆಯ ಆಶ್ರಯದಲ್ಲಿ ‘ಥಿಯೇಟರ್ ಒಲಿಂಪಿಕ್ಸ್’ ಎಂಬ ಜಗತ್ತಿನ ನಾಟಕೋತ್ಸವವು 17 ಪಟ್ಟಣಗಳಲ್ಲಿ 51 ದಿನ ನಡೆಯಿತು, ಬೆಂಗಳೂರಿಗೂ ಬಂದಿತು. ಬಂದಿತು, ಹೋಯಿತು. ಚಪ್ಪರವನ್ನು ಬಿಚ್ಚಿದ ಮೇಲೆ ನೆಲದಲ್ಲಿ ಉಳಿಯುವುದು ಗೂಟದ ಕುಣಿಗಳು ಮಾತ್ರ, ಶಾಲೆಯಾದರೋ ಉಳಿಯುವುದು.

ಮೂರನೆಯದು: ಬೆಂಗಳೂರಿನಲ್ಲಿ ಶಾಲೆಯ ಕೇಂದ್ರವು ಆಗಲೇ ಇರುವುದಲ್ಲವೆ? ಇರುವುದು. 1990ರಲ್ಲಿ ಪಿ.ಎನ್. ಹಕ್ಸರರ ಸಮಿತಿಯು ಕೇಂದ್ರದ ಮೂರು ಅಕಾಡೆಮಿಗಳೊಡನೆ ಈ ಶಾಲೆಯನ್ನೂ ಪರಿಶೀಲಿಸಿ ವರದಿಯನ್ನೊಪ್ಪಿಸಿತು. 1994ರಲ್ಲಿ ಬೆಂಗಳೂರಿನ ಕೇಂದ್ರವು ತೆರೆಯಿತು. ಮುಂದೆ ಗ್ಯಾಂಗ್‌ಟಾಕ್, ಅಗರ್ತಲಾ, ವಾರಾಣಸಿಗಳಲ್ಲಿಯೂ ಕೇಂದ್ರಗಳಾದುವು. ಅವುಗಳಲ್ಲಿ ನಿಷ್ಠೆಯಿಂದ ದುಡಿಯುವವರು ಇದ್ದಾರೆ. ಅವರಿಗೆ ನಮ್ಮ ವಂದನೆಗಳು. ಆದರೆ ದಿಲ್ಲಿಯಲ್ಲಿ ಮೂರು ವರ್ಷಗಳ ಶಿಕ್ಷಣ, ಬೆಂಗಳೂರಿನಲ್ಲಿ ಒಂದು ವರ್ಷದ್ದು. ಅದೂ ಕನ್ನಡ, ತಮಿಳು, ತೆಲುಗು, ಮಲಯಾಳ ನಾಡುಗಳಿಗೆಲ್ಲ ಕೂಡಿ ಒಂದೇ ಕೇಂದ್ರ! ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ಸಾಧಿಸಿ ತೋರಿಸಲಾರರು. ನಾಲ್ಕು ಪುರಾತನ ಭಾಷೆಗಳು ಒಂದು ವರ್ಷವನ್ನು ಹಂಚಿಕೊಳ್ಳಬೇಕಂತೆ!

ನಾಲ್ಕನೆಯದು ಎಲ್ಲಕ್ಕಿಂತ ಹಳೆಯದು: ಭಾಷೆಗೊಂದು ಶಾಲೆಯಾದರೆ ರಾಷ್ಟ್ರದ ಏಕತೆಯು ಒಡೆಯುವುದು. ಈ ಮಾತನ್ನು ನಾವು ಹೊಸದಾಗಿ ಕೇಳುತ್ತಿಲ್ಲ. ಕನ್ನಡ ಪ್ರಾಂತವು ಒಂದಾಗಬೇಕೆಂದವರಿಗೂ ಇದೇ ಮಾತನ್ನು ಹೇಳಿದ್ದರು. 1956ರ ನವೆಂಬರ 1ರಂದು ಪ್ರಾಂತಗಳು ಭಾಷೆಗನುಸಾರವಾಗಿ ರಚಿತವಾದುವು. ರಾಷ್ಟ್ರವು ಒಡೆಯಲಿಲ್ಲ, ಗಟ್ಟಿಯಾಯಿತು. ಕೈಬೆರಳುಗಳು ಐದಾದುದರಿಂದ ಮುಷ್ಟಿಯು ದುರ್ಬಲವಾಗುವುದೆ?

ಕನ್ನಡದ ರಂಗಭೂಮಿಯು ಇನ್ನೊಬ್ಬರ ಅನುಗ್ರಹಕ್ಕಾಗಿ ಕಾದು ಕುಳಿತದ್ದು ಎಂದೂ ಅಲ್ಲ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿ ಮರಾಠಿ ರಂಗಭೂಮಿಗೆ ಬುನಾದಿಯನ್ನು ಹಾಕಿದರು, ಅದಕ್ಕೆ ಪ್ರೇರಣೆಯಾದದ್ದು ಕರ್ನಾಟಕದಿಂದ ಅಲ್ಲಿಗೆ ಹೋಗಿದ್ದ ಭಾಗವತರ ಆಟ. ಅನಂತರ ಮರಾಠಿ ಕಂಪನಿಗಳು ಉತ್ತರ ಕರ್ನಾಟಕದ ಊರೂರುಗಳನ್ನು ತುಂಬಿದಾಗ, ಕನ್ನಡದಲ್ಲಿ ನಾಟಕವೇ ಆಗಲಾರದೆಂದು ಕನ್ನಡಿಗರೇ ನಂಬತೊಡಗಿದ್ದರು. ಆಗ ಆ ಮಾತನ್ನು ಸುಳ್ಳು ಮಾಡಿದವರು ಯಾವ ಸರಕಾರದವರೂ ಅಲ್ಲ. ಸಕ್ಕರಿ ಬಾಳಾಚಾರ್ಯರೆಂಬ ಒಬ್ಬ ಕನ್ನಡ ಸಾಲೆಯ ಮಾಸ್ತರರು. ‘ಶಾಂತಕವಿ’ಗಳೆಂದು ಹೆಸರಾದ ಅವರು 1870ರ ದಶಕದಲ್ಲಿ ‘ಉಷಾಹರಣ’ವನ್ನು ಬರೆದು, ಗದುಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಅತ್ತ 1884ರಲ್ಲಿ ಗುಬ್ಬಿಯ ಕಂಪನಿಯು ಹುಟ್ಟಿತು. ನಕಾಶೆಯ ಮೇಲೆ ಕರ್ನಾಟಕವು ಒಂದಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ನಾಟಕದ ಡೇರೆಯೊಳಗೆ ಅದು ಒಂದಾಗಿದ್ದಿತು.

ನಮ್ಮ ಕಾಲದ ನಿದರ್ಶನವು ಬೇಕೆ? ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿ ಹೆಗ್ಗೋಡು ಎಂಬ ಹಳ್ಳಿಯಿರುವುದು. ಅಲ್ಲಿ 1949ರಲ್ಲಿ ಹುಟ್ಟಿದ ‘ನೀನಾಸಮ್’ ಎಂಬ ಸಂಘವು ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಬೆಳೆಯಿತು. 1980ರಲ್ಲಿ ಅಲ್ಲಿ ಕನ್ನಡದಲ್ಲಿಯೇ ಪಾಠ ಹೇಳುವ ರಂಗಶಿಕ್ಷಣ ಕೇಂದ್ರವು ತೆರೆಯಿತು. 1985ರಿಂದ ‘ತಿರುಗಾಟ’ವೆಂಬ ತಂಡವು ನಾಟಕಗಳನ್ನು ಹೊತ್ತು ಊರೂರು ಸುತ್ತುತ್ತಲಿರುವುದು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ಬಂದಿತು. ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿಯು ತನ್ನ ಭಾಷೆಯಲ್ಲಿ ನಟರನ್ನು ತಯಾರಿಸಿ, ಅವರ ನಾಟಕಗಳನ್ನು ತನ್ನ ನಾಡಿನ ಮೂಲೆಮೂಲೆಗೆ ಮುಟ್ಟಿಸಬಲ್ಲುದಾದರೆ, ರಾಷ್ಟ್ರದ ಬೊಕ್ಕಸವನ್ನು ಬೆನ್ನಿಗಿಟ್ಟುಕೊಂಡ ಶಾಲೆಗೆ ಅದು ಅಸಾಧ್ಯವೆಂದು ಯಾರು ನಂಬಿಯಾರು? ಇನ್ನೊಂದು ಮಾತು: ಹೆಗ್ಗೋಡಿನ ಶಿಕ್ಷಣ ಕೇಂದ್ರವನ್ನು ಬಹುಕಾಲ ನಡೆಸಿದ ಚಿದಂಬರರಾವ್ ಜಂಬೆಯವರು ದಿಲ್ಲಿಯ ಶಾಲೆಯಲ್ಲಿ ಕಲಿತವರು. ಪ್ರಸನ್ನ, ಬಿ. ಜಯಶ್ರೀ ಮೊದಲಾದವರೂ ಅಲ್ಲಿಂದ ಬಂದು ಕನ್ನಡಕ್ಕೆ ದುಡಿದವರೇ. ಆದುದರಿಂದ ನಮಗೆ ದಿಲ್ಲಿಯೊಡನೆ ಹಗೆತನವಿಲ್ಲ. ನಮ್ಮ ದಾವೆಯು ಪಾಲುಗಾರನ ದಾವೆ, ಪರಕೀಯನದಲ್ಲ.

ಆ ದಾವೆಯಲ್ಲಿ ನಾವು ಬೇಡುವುದಿಷ್ಟು. ಒಂದು, ಬೆಂಗಳೂರಿನ ಕೇಂದ್ರವನ್ನು ಪೂರ್ಣಾವಧಿಯ ಶಾಲೆಯನ್ನಾಗಿ ಮಾಡಿ, ಕನ್ನಡ ವಿದ್ಯಾರ್ಥಿಗೆ ಕನ್ನಡದಲ್ಲಿಯೇ ಶಿಕ್ಷಣವನ್ನು ಕೊಡಬೇಕು. ಚೆನ್ನಪಟ್ಟಣ, ಹೈದರಾಬಾದು, ತಿರುವನಂತಪುರಗಳಲ್ಲಿ ಆಯಾ ಭಾಷೆಗಳಿಗೆ ಇದೇ ಸೌಕರ್ಯವು ದೊರೆಯಬೇಕು. ಎರಡು, ಯಕ್ಷಗಾನ, ದೊಡ್ಡಾಟ, ಸಣ್ಣಾಟಗಳ ಗುರುಗಳನ್ನು ನಾಲ್ಕು ದಿನದ ಶಿಬಿರಕ್ಕೆ ಕರೆದು ಶಾಲು ಹೊದಿಸಿ ಕಳಿಸುವುದನ್ನು ಬಿಟ್ಟು, ಸಂಬಳದ ಅಧ್ಯಾಪಕರನ್ನಾಗಿ ನೇಮಿಸಬೇಕು. ಮೂರು, ಪ್ರತಿಯೊಂದು ಶಾಲೆಗೂ ಆ ಭಾಷೆಯ ರೆಪರ್ಟರಿಯಿರಬೇಕು. ಅದು ರಾಜಧಾನಿಯಲ್ಲಿ ಕುಳಿತುಕೊಳ್ಳದೆ ತಾಲೂಕಿನ ಊರುಗಳಿಗೆ ಹೋಗಬೇಕು. ನಾಲ್ಕು, ಶಾಲೆಯ ಹಣದಲ್ಲಿ ಯಾವ ಭಾಷೆಗೆ ಎಷ್ಟು ವೆಚ್ಚವಾಯಿತೆಂಬ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸಬೇಕು. ಲೆಕ್ಕವನ್ನು ಬಿಚ್ಚಿಟ್ಟ ದಿನ ಅರ್ಧ ವಾದವು ತಾನಾಗಿಯೇ ಮುಗಿಯುವುದು.

ಕೊನೆಯದಾಗಿ ನಮ್ಮ ಪಟ್ಟಣಗಳ ಸುಶಿಕ್ಷಿತರಿಗೂ ಶಿಕ್ಷಕ ಬಂಧುಗಳಿಗೂ ಒಂದು ವಿನಂತಿ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾಟಕದ ವಿಷಯದಲ್ಲಿ ಇನ್ನಾದರೂ ಸುಳ್ಳುಮಾಡಿರಿ. ತಿರುಗಾಟದ ನಾಟಕವು ನಿಮ್ಮೂರಿಗೆ ಬಂದಾಗ ಟಿಕೀಟನ್ನು ಕೊಂಡು ನೋಡಿರಿ. ಪುಕ್ಕಟೆಯ ಪಾಸನ್ನು ಕೇಳಬೇಡಿರಿ. ಊರಿನ ರಂಗಮಂದಿರವನ್ನು ಮದುವೆಗಳಿಗೂ ಸನ್ಮಾನಗಳಿಗೂ ಬಾಡಿಗೆ ಕೊಟ್ಟು ನಾಟಕಕ್ಕೆ ದಿನವಿಲ್ಲವೆನ್ನುವ ಅಧಿಕಾರಿಯನ್ನು ಪ್ರಶ್ನಿಸಿರಿ. ನಿಮ್ಮ ಸಾಲೆಯ ಹುಡುಗರಿಂದ ವರ್ಷಕ್ಕೊಂದಾದರೂ ಒಳ್ಳೆಯ ಕನ್ನಡ ನಾಟಕವನ್ನು ಆಡಿಸಿರಿ. ಶಾಂತಕವಿಗಳು ಕಾದದ್ದು ದಿಲ್ಲಿಯ ಮಂಜೂರಾತಿಗಲ್ಲ. ಪಾಲನ್ನು ಕೇಳುವವನು ತನ್ನ ಹೊಲವನ್ನು ಉತ್ತಿರಬೇಕು. ಉತ್ತವನ ಕೇಳಿಕೆಯನ್ನು ಯಾವ ನ್ಯಾಯಾಸ್ಥಾನವೂ ಬಹುಕಾಲ ತಳ್ಳಿಹಾಕಲಾರದು.